ದೋಣಿಯಲ್ಲಿ ಎರಡು ಬ್ಯಾಟರಿ: ಚಾರ್ಜ್ ಮಾಡುವ ಸರಿಯಾದ ಕ್ರಮ

ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಿಂದ ಹೊರಡುವ ಯಾಂತ್ರೀಕೃತ ದೋಣಿಗಳಲ್ಲಿ ವಿದ್ಯುತ್ತಿನ ಬಳಕೆ ಹೆಚ್ಚಾಗಿದೆ. ದೀಪ, ವೈರ್‌ಲೆಸ್, ಜಿಪಿಎಸ್, ಮೀನು ಪತ್ತೆ ಮಾಡುವ ಉಪಕರಣ, ನೀರೆತ್ತುವ ಪಂಪು ಇವೆಲ್ಲವೂ ಬ್ಯಾಟರಿಯನ್ನೇ ಅವಲಂಬಿಸಿವೆ. ರಾತ್ರಿಯಿಡೀ ಇವುಗಳನ್ನು ಬಳಸಿದ ಬ್ಯಾಟರಿಯಿಂದಲೇ ಬೆಳಗ್ಗೆ ಎಂಜಿನನ್ನೂ ಚಾಲೂ ಮಾಡಬೇಕೆಂದರೆ ಅಪಾಯ ಕಟ್ಟಿಟ್ಟ ಬುತ್ತಿ. ಕಡಲ ನಡುವೆ ಎಂಜಿನ್ ಚಾಲೂ ಆಗದಿದ್ದರೆ ವೈರ್‌ಲೆಸ್ಸಿಗೂ ವಿದ್ಯುತ್ ಇರುವುದಿಲ್ಲ. ಆದುದರಿಂದಲೇ ಎರಡು ಬ್ಯಾಟರಿಗಳ ವ್ಯವಸ್ಥೆ ಅಗತ್ಯ. ಬ್ಯಾಟರಿ ಮಾರುವ ವರ್ತಕರೂ ಪ್ಯಾನೆಲ್ ತಯಾರಿಸುವ ಸಣ್ಣ ಉದ್ದಿಮೆದಾರರೂ ಇದರ ಮರ್ಮವನ್ನು ಅರಿತಿರಬೇಕು.

ಎರಡಕ್ಕೂ ಎರಡು ಕೆಲಸ

ಚಾಲನಾ ಬ್ಯಾಟರಿಯು ಕೆಲವೇ ಕ್ಷಣಗಳ ಕಾಲ ನೂರಾರು ಆಂಪಿಯರ್ ನೀಡಬೇಕು. ಅದರ ಫಲಕಗಳು ತೆಳುವಾಗಿದ್ದು, ಪೂರ್ತಿ ಬರಿದಾಗುವುದನ್ನು ಸಹಿಸವು. ಬಳಕೆಯ ಬ್ಯಾಟರಿಯು ಸ್ವಲ್ಪ ಸ್ವಲ್ಪವಾಗಿ ಹಲವು ಗಂಟೆ ವಿದ್ಯುತ್ ನೀಡಬೇಕು. ಅದಕ್ಕೆ ದಪ್ಪ ಫಲಕಗಳ ಡೀಪ್ ಸೈಕಲ್ ಮಾದರಿಯೇ ತಕ್ಕುದು.

ಉದಾಹರಣೆಗೆ, ಒಟ್ಟು 6 ಆಂಪಿಯರ್ ಬಳಕೆ 10 ಗಂಟೆ ನಡೆದರೆ 60 ಆಂಪಿಯರ್ ಗಂಟೆ ಖರ್ಚಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದೆಂಬುದು ವಾಡಿಕೆಯ ನಿಯಮ. ಎಂದರೆ ಕನಿಷ್ಠ 120 ಆಂಪಿಯರ್ ಗಂಟೆಯ ಬ್ಯಾಟರಿ ಬೇಕು. ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.7 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ಣ ಭರ್ತಿ, 12.2 ಇದ್ದರೆ ಅರ್ಧ ಎಂದು ತಿಳಿಯಬಹುದು. 24 ವೋಲ್ಟಿನ ದೋಣಿಗಳಲ್ಲಿ ಈ ಲೇಖನದ ಬ್ಯಾಟರಿ ವೋಲ್ಟೇಜುಗಳನ್ನು ಇಮ್ಮಡಿಯಾಗಿ ಓದಿಕೊಳ್ಳತಕ್ಕದ್ದು.

ಒಂದೇ ಆಲ್ಟರ್ನೇಟರಿನಿಂದ ಎರಡನ್ನೂ ತುಂಬುವ ವಿಧಾನಗಳು

1. ಕೈಯಿಂದ ತಿರುಗಿಸುವ ಸ್ವಿಚ್: ಒಂದು, ಎರಡು, ಎರಡೂ, ಬಂದ್ ಎಂಬ ನಾಲ್ಕು ಸ್ಥಾನಗಳಿರುತ್ತವೆ. ಬೆಲೆ ಕಡಿಮೆ; ಆದರೆ ನೆನಪಿನ ಮೇಲೆ ನಡೆಯುವ ಸಾಧನ. ಲಂಗರು ಹಾಕಿದ ಮೇಲೂ ‘ಎರಡೂ’ ಸ್ಥಾನದಲ್ಲಿಯೇ ಉಳಿದರೆ ಎರಡು ಬ್ಯಾಟರಿಗಳೂ ಒಟ್ಟಿಗೆ ಬರಿದಾಗುತ್ತವೆ. ಎಂಜಿನ್ ಓಡುತ್ತಿರುವಾಗ ‘ಬಂದ್’ ಸ್ಥಾನಕ್ಕೆ ತಿರುಗಿಸಿದರೆ ವೋಲ್ಟೇಜ್ ಹಠಾತ್ತನೆ ಏರಿ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು.

2. ಡಯೋಡ್ ವಿಭಾಜಕ: ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ವಿದ್ಯುತ್ ಹರಿಯದಂತೆ ತಡೆಯುತ್ತದೆ. ಆದರೆ ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ನಷ್ಟವಾಗುತ್ತದೆ. ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಬ್ಯಾಟರಿಗೆ ತಲಪುವುದು 13.5 ಮಾತ್ರ. ಹೀಗೆ ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಆಯುಷ್ಯ ಕುಗ್ಗುತ್ತದೆ.

3. ವೋಲ್ಟೇಜ್ ಗ್ರಹಿಸುವ ರಿಲೇ: ಚಾಲನಾ ಬ್ಯಾಟರಿಯ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡನ್ನೂ ಜೋಡಿಸುತ್ತದೆ, 12.8ರ ಆಸುಪಾಸಿಗೆ ಇಳಿದಾಗ ಬೇರ್ಪಡಿಸುತ್ತದೆ. ಎರಡೂ ಸೀಸ-ಆಮ್ಲ ಬ್ಯಾಟರಿಗಳಾಗಿರುವ ಸಣ್ಣ ದೋಣಿಗೆ ಇದು ಮಿತವ್ಯಯದ, ಭರವಸೆಯ ಮಾರ್ಗ.

4. ಡಿಸಿ-ಡಿಸಿ ಚಾರ್ಜರ್: ಬಳಕೆಯ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೂ ಕರೆಂಟಿನ ಮಿತಿಯನ್ನೂ ತಾನೇ ನಿಗದಿಪಡಿಸುತ್ತದೆ. ಬೆಲೆ ಹೆಚ್ಚು. ಆದರೆ ಬಳಕೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಳವಡಿಸಿದ್ದರೆ ಇದೇ ಸೂಕ್ತ. ಆ ಬ್ಯಾಟರಿಯ ವಿಶ್ರಾಂತ ವೋಲ್ಟೇಜೇ 13.2ರ ಆಸುಪಾಸಿನಲ್ಲಿರುವುದರಿಂದ ಮೇಲೆ ಹೇಳಿದ ರಿಲೇ ಎಂಜಿನ್ ನಿಂತ ಮೇಲೂ ಬೇರ್ಪಡದೆ ಉಳಿಯಬಹುದು. ಅಲ್ಲದೆ ಲಿಥಿಯಂ ಬ್ಯಾಟರಿಯು ಭಾರಿ ಕರೆಂಟನ್ನು ಎಳೆದುಕೊಂಡು ಆಲ್ಟರ್ನೇಟರನ್ನು ಮಿತಿಮೀರಿ ಬಿಸಿಯಾಗಿಸಬಲ್ಲದು.

ತಂತಿಯಲ್ಲಿ ಉಳಿತಾಯ ಬೇಡ

ಬ್ಯಾಟರಿ 5 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ತಂತಿ 10 ಮೀಟರ್. 10 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತದೆ. 25 ಚದರ ಮಿಲಿಮೀಟರಿನ ತಂತಿಯಲ್ಲಿ ಅದು ಸುಮಾರು 0.2 ವೋಲ್ಟಿಗೆ ಇಳಿಯುತ್ತದೆ. ಉಪ್ಪುಗಾಳಿಯಲ್ಲಿ ತಾಮ್ರ ಬೇಗ ಕಿಲುಬು ಹಿಡಿಯುವುದರಿಂದ ತವರ ಲೇಪಿತ ತಂತಿ ಉತ್ತಮ. ಎರಡು ಬ್ಯಾಟರಿಗಳನ್ನು ಜೋಡಿಸುವ ತಂತಿಗೆ ಎರಡೂ ತುದಿಗಳಲ್ಲಿ, ಬ್ಯಾಟರಿಗೆ ಅತಿ ಸಮೀಪದಲ್ಲಿ ಫ್ಯೂಸ್ ಇರಲೇಬೇಕು. ಯಾವ ಬ್ಯಾಟರಿಯೂ ತಂತಿಗೆ ಬೆಂಕಿ ಹೊತ್ತಿಸಬಲ್ಲದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮುಟ್ಟಿದರೆ ಕಿಡಿಯೊಂದು ಸಾಕು. ಆದ್ದರಿಂದ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಬಿಡಬೇಕು.

ಮಳೆಗಾಲದ ಆರೈಕೆ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಣಿಗಳು ದಡದಲ್ಲಿರುತ್ತವೆ. ಬಳಸದ ಬ್ಯಾಟರಿಯೂ ತಾನಾಗಿಯೇ ಬರಿದಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ, ತಿಂಗಳಿಗೊಮ್ಮೆ ಮರುಚಾರ್ಜ್ ಮಾಡಿದರೆ ಆಗಸ್ಟಿನಲ್ಲಿ ಹೊಸ ಬ್ಯಾಟರಿಯ ಖರ್ಚು ತಪ್ಪೀತು. ಬಂದರಿನ ಸಮೀಪದ ಅಂಗಡಿಗಳಿಗೆ ಈ ಸೇವೆಯೇ ಒಂದು ಆದಾಯ ಮಾರ್ಗವಾಗಬಲ್ಲದು. ಕೆಟ್ಟುಹೋದ ಬ್ಯಾಟರಿಗಳ ವಿಲೇವಾರಿಯಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022 ಅನ್ನು ಪಾಲಿಸಬೇಕೆಂಬುದನ್ನೂ ವರ್ತಕರು ಮರೆಯಬಾರದು.

ಗಿರಾಕಿ ಬಂದಾಗ ಬೆಲೆ ಹೇಳುವ ಮುನ್ನ ನಾಲ್ಕು ಪ್ರಶ್ನೆ ಕೇಳುವುದು ಲೇಸು: ರಾತ್ರಿಯ ಬಳಕೆ ಎಷ್ಟು? ಎಂಜಿನ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಆಲ್ಟರ್ನೇಟರ್ ಎಷ್ಟು ಆಂಪಿಯರಿನದು? ಈಗಿರುವ ಬ್ಯಾಟರಿ ಯಾವ ಮಾದರಿಯದು? ಇವುಗಳ ಉತ್ತರಕ್ಕೆ ಹೊಂದುವ ಸರಕನ್ನೇ ಕೊಟ್ಟ ವರ್ತಕನಲ್ಲಿಗೆ ದೋಣಿಯ ಮಾಲೀಕ ಮರುವರ್ಷವೂ ಬರುತ್ತಾನೆ.