ಗುಡ್ಡಕ್ಕೆ ಯಾವ ಕ್ಯಾಮೆರಾ ಹೊರಬೇಕು?



ಹೊಸ 50 ರೂಪಾಯಿ ನೋಟನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಅದರ ನೆತ್ತಿ ಬೋಳಾಗಿದೆ. ಆದರೆ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ಚಿತ್ರ ಉಳಿಯದಿದ್ದರೆ ರಥ ಮೊದಲಿನಿಂದಲೂ ಹೀಗೆಯೇ ಇತ್ತು ಎಂದು ನಾವು ನಂಬುತ್ತಿದ್ದೆವು.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಒಂದೊಂದೂ ಒಂದೂಕಾಲು ಅಡಿಗಿಂತ ದೊಡ್ಡದು. ನೆಗೆಟಿವ್ ಅಷ್ಟು ದೊಡ್ಡದಾಗಿದ್ದುದರಿಂದ ಅವನು ಗಮನಿಸದೇ ಇದ್ದಿರಬಹುದಾದ ವಿವರಗಳೂ ಅದರಲ್ಲಿ ಉಳಿದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷಗಳ ಬದಲಾವಣೆ ಕಣ್ಣಿಗೆ ಕಾಣುತ್ತದೆ.

ಇಂದಿಗೂ ಭೂದೃಶ್ಯಕ್ಕಾಗಿ ಇಂಥ ದೊಡ್ಡ ಕ್ಯಾಮೆರಾ ಹೊರುವವರಿದ್ದಾರೆ. ಅದನ್ನು ಆರಿಸುವುದು ಹೇಗೆ? ಇದರಲ್ಲಿ ನಮ್ಮ ಭೌತಶಾಸ್ತ್ರದ ಪಾಠವೂ ಅಡಗಿದೆ.

ಕ್ಯಾಮೆರಾ ಎಂದರೇನು?

ಮುಂದೆ ಲೆನ್ಸ್, ಹಿಂದೆ ಮಸುಕು ಗಾಜು, ನಡುವೆ ಹಾರ್ಮೋನಿಯಂಗೆ ಇರುವಂಥ ಮಡಿಕೆ ಮಡಿಕೆಯ ತಿದಿ. ಇಷ್ಟೇ. ಕಪ್ಪು ಬಟ್ಟೆ ಹೊದ್ದು ಗಾಜು ನೋಡಿದರೆ ಗುಡ್ಡ ತಲೆಕೆಳಗಾಗಿ ಕಾಣುತ್ತದೆ. ಕತ್ತಲೆ ಕೋಣೆಯೊಳಗೆ ಸಣ್ಣ ರಂಧ್ರದಿಂದ ಬರುವ ಬೆಳಕು ಹೇಗೆ ವರ್ತಿಸುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಪ್ರಯೋಗ ಮಾಡಿ ಬರೆದವರು ಇಬ್ನ್ ಅಲ್-ಹೈಸಮ್. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರ 'ಕಿತಾಬ್ ಅಲ್-ಮನಾಝಿರ್' ದೃಗ್ವಿಜ್ಞಾನದ ಬುನಾದಿ ಗ್ರಂಥ.

ಮೊದಲ ಪ್ರಶ್ನೆ: ಅಳತೆ

ಸಾಮಾನ್ಯವಾಗಿ ಸಿಗುವುದು 4×5 ಇಂಚು ಮತ್ತು 8×10 ಇಂಚಿನ ಹಾಳೆ ಫಿಲ್ಮ್. ಹಳೆಯ ರೀಲಿನ ಒಂದು ಚೌಕಟ್ಟು 24×36 ಮಿ.ಮೀ., ಅಂದರೆ 864 ಚದರ ಮಿ.ಮೀ. 4×5ರ ಹಾಳೆ ಸುಮಾರು 12,900 ಚದರ ಮಿ.ಮೀ.; ಹತ್ತಿರಹತ್ತಿರ 15 ಪಟ್ಟು. 8×10 ಅದಕ್ಕೂ ನಾಲ್ಕು ಪಟ್ಟು. ಆದರೆ ಫಿಲ್ಮಿನ ಖರ್ಚೂ ಹೊರೆಯೂ ಅದರ ಜೊತೆಗೇ ಏರುತ್ತವೆ. ಗುಡ್ಡ ಹತ್ತುವವರಿಗೆ 4×5 ಸಾಕು.

ಎರಡನೆಯದು: ಎಲ್ಲಿಗೆ ಹೊರುತ್ತೀರಿ?

ದೊಡ್ಡ ಕ್ಯಾಮೆರಾಗಳಲ್ಲಿ ಎರಡು ಜಾತಿ. ಒಂದೇ ಕಂಬಿಯ ಮೇಲೆ ಜಾರುವ ಮಾನೋರೈಲ್ ಸ್ಟುಡಿಯೋಗೆ ಹೇಳಿಸಿದ್ದು. ಚಲನೆ ಹೆಚ್ಚು, ಹೊರುವುದು ಕಷ್ಟ. ಮಡಿಸಿದರೆ ದಪ್ಪ ನಿಘಂಟಿನಷ್ಟಾಗುವುದು ಫೀಲ್ಡ್ ಕ್ಯಾಮೆರಾ. ಮರದ ಹಗುರ ಮಾದರಿಗಳು ಒಂದೂವರೆ ಕಿಲೋದ ಆಸುಪಾಸು, ಲೋಹದವು ಎರಡೂವರೆ ಕಿಲೋ ದಾಟುತ್ತವೆ. ಇದರ ಮೇಲೆ ಲೆನ್ಸ್, ಫಿಲ್ಮ್ ಹೋಲ್ಡರ್, ಗಟ್ಟಿ ಸ್ಟ್ಯಾಂಡು, ನೀರಿನ ಬಾಟಲಿ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ ಬಂಡೆಗಳ ನಡುವೆ ನಡೆದೇ ಹೋಗಬೇಕು. ಅಂಜನಾದ್ರಿಗೆ 575 ಮೆಟ್ಟಿಲು. ಹೊರಲಾರದೆ ಮನೆಯಲ್ಲೇ ಬಿಟ್ಟುಹೋಗುವ ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ಕೆಲಸಕ್ಕೆ ಬಾರದು.

ಇಂಥ ಕ್ಯಾಮೆರಾ ನಮ್ಮ ದೇಶಕ್ಕೆ ಹೊಸದಲ್ಲ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ ತೇಗದ 'ವಾಗೀಶ್ವರಿ' ಕ್ಯಾಮೆರಾಗಳು ದೇಶದ ಸ್ಟುಡಿಯೋಗಳಲ್ಲೆಲ್ಲ ಇದ್ದವು. ಹಳೆಯದನ್ನು ಕೊಳ್ಳುವುದಾದರೆ ಕತ್ತಲೆ ಕೋಣೆಯಲ್ಲಿ ತಿದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಮಡಿಕೆಯ ಮೂಲೆಗಳಲ್ಲಿ ಚುಕ್ಕಿ ಬೆಳಕು ಕಂಡರೆ ತೂತು ಬಿದ್ದಿದೆ ಎಂದೇ ಅರ್ಥ.

ಮೂರನೆಯದು: ತಿದಿ ಎಷ್ಟು ಹಿಗ್ಗುತ್ತದೆ?

ಪಿಯುಸಿಯ ಲೆನ್ಸ್ ಸೂತ್ರ ನೆನಪಿಸಿಕೊಳ್ಳಿ. 4×5ಕ್ಕೆ ಸಹಜ ನೋಟ ಕೊಡುವುದು 150 ಮಿ.ಮೀ. ಲೆನ್ಸ್. ದೂರದ ಗುಡ್ಡಕ್ಕೆ ಲೆನ್ಸಿನಿಂದ ಫಿಲ್ಮಿಗೆ 150 ಮಿ.ಮೀ. ಇದ್ದರೆ ಸಾಕು. ಬಂಡೆಯ ಮೇಲಿನ ಕಲ್ಲುಹೂವನ್ನು ಅದರದೇ ಗಾತ್ರದಲ್ಲಿ ತೆಗೆಯಬೇಕಾದರೆ 300 ಮಿ.ಮೀ. ಬೇಕು. ವಿಶಾಲ ನೋಟಕ್ಕೆ 90 ಮಿ.ಮೀ. ಲೆನ್ಸ್, ಅದಕ್ಕೆ ತಿದಿ ಅಷ್ಟು ಕುಗ್ಗುತ್ತದೆಯೇ ಎಂದೂ ನೋಡಬೇಕು.

ನಾಲ್ಕನೆಯದು: ಚಲನೆಗಳು

ಇಟಗಿಯ ಮಹಾದೇವ ದೇವಾಲಯದ ಮುಂದೆ ಮೊಬೈಲ್ ಮೇಲೆತ್ತಿ ಕ್ಲಿಕ್ಕಿಸಿದರೆ ಶಿಖರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಫೀಲ್ಡ್ ಕ್ಯಾಮೆರಾದಲ್ಲಿ ಹಿಂಬದಿಯನ್ನು ನೆಟ್ಟಗೇ ಇಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಬಹುದು. ಆಗ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಲೆನ್ಸನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಕಾಲಬಳಿಯ ಬಂಡೆಯೂ ಆನೆಗೊಂದಿಯ ಆಚೆಯ ಗುಡ್ಡವೂ ಒಟ್ಟಿಗೇ ಸ್ಪಷ್ಟವಾಗುತ್ತವೆ. ಆಸ್ಟ್ರಿಯಾದ ಶೈಂಪ್ಲುಗ್ ಹೆಸರಿನ ನಿಯಮ ಇದೇ. ಭೂದೃಶ್ಯಕ್ಕೆ ಈ ಎರಡು ಚಲನೆ ಇದ್ದರೆ ಸಾಕು. ಉಳಿದವಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ.

ಐದನೆಯದು: ಸ್ಟ್ಯಾಂಡು, ಗಾಳಿ

ಬಿಸಿಲಲ್ಲಿ 100 ವೇಗದ ಫಿಲ್ಮಿಗೆ f/16ರಲ್ಲಿ 1/100 ಸೆಕೆಂಡ್. ಆಳದವರೆಗೆ ಸ್ಪಷ್ಟತೆ ಬೇಕೆಂದು f/32ಕ್ಕೆ ಇಳಿಸಿದರೆ ಬೆಳಕು ಕಾಲುಭಾಗವಾಗಿ 1/25 ಸೆಕೆಂಡ್ ಬೇಕಾಗುತ್ತದೆ. ಬೆಳಗಿನ ಜಾವ ಇನ್ನೂ ಹೆಚ್ಚು. ಅಷ್ಟರಲ್ಲಿ ತಿದಿ ಗಾಳಿಗೆ ಹಾಯಿಯಂತೆ ಅಲುಗುತ್ತದೆ. ಆದ್ದರಿಂದ ಕ್ಯಾಮೆರಾದಲ್ಲಿ ಉಳಿಸಿದ ಹಣವನ್ನು ಸ್ಟ್ಯಾಂಡಿಗೆ ಹಾಕಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಬಳಸಲು ಮುಂಚೆಯೇ ಅನುಮತಿ ಪಡೆಯಬೇಕು ಎಂಬುದೂ ನೆನಪಿರಲಿ.

ಹಣವಿಲ್ಲದಿದ್ದರೆ?

ರಟ್ಟಿನ ಎರಡು ಡಬ್ಬಿ ತನ್ನಿ, ಒಂದರೊಳಗೆ ಒಂದು ಜಾರುವಂತಿರಲಿ. ಮುಂದೆ ಭೂತಗನ್ನಡಿ, ಹಿಂದೆ ಟ್ರೇಸಿಂಗ್ ಕಾಗದ ಅಂಟಿಸಿ. ಮೊದಲು ಕಿಟಕಿಯ ಬಿಂಬವನ್ನು ಎದುರಿನ ಗೋಡೆಯ ಮೇಲೆ ಮೂಡಿಸಿ ಭೂತಗನ್ನಡಿಯ ಸಂಗಮದೂರ ಅಳೆಯಿರಿ. ಡಬ್ಬಿಯ ಉದ್ದ ಅದಕ್ಕೆ ಹೊಂದಬೇಕು. ಸೂರ್ಯನ ಕಡೆಗೆ ಮಾತ್ರ ಹಿಡಿಯಬೇಡಿ. ಇದರಲ್ಲಿ ಫಿಲ್ಮ್ ಇಲ್ಲ, ಆದರೆ ನೋಡುವುದನ್ನು ಕಲಿಸುತ್ತದೆ. ತಲೆಕೆಳಗಾದ ಬಿಂಬವನ್ನು ಐದು ನಿಮಿಷ ನೋಡಿದವರಿಗೆ, ಮೊಬೈಲಿನಲ್ಲಿ ಐವತ್ತು ಸಲ ಕ್ಲಿಕ್ಕಿಸಿದರೂ ಕಾಣದ್ದು ಕಾಣುತ್ತದೆ.

ಯಾಕೆ ಇಷ್ಟು ಕಷ್ಟ?

1953ರಲ್ಲಿ ಮುನಿರಾಬಾದಿನ ಅಣೆಕಟ್ಟಿನ ಹಿಂದೆ ನೀರು ನಿಂತಾಗ ಅನೇಕ ಹಳ್ಳಿಗಳು ಮುಳುಗಿದವು. ಅಲ್ಲಿಂದ ಬಂದ ಮನೆತನಗಳವರು ನಮ್ಮ ನಡುವೆ ಇದ್ದಾರೆ. ಊರು ಹೇಗಿತ್ತು ಎಂದು ಕೇಳಿದರೆ ಹೇಳಲು ಮಾತಿದೆ, ತೋರಿಸಲು ಚಿತ್ರ ಎಷ್ಟು ಮನೆಗಳಲ್ಲಿದೆ? ಇಂದು ಕಲ್ಲುಗಣಿಗಳಲ್ಲಿ ಗುಡ್ಡಗಳು ಕರಗುತ್ತಿವೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ನಿಮ್ಮೂರಿನ ಹೆಸರಿಲ್ಲದ ಗುಡ್ಡ ಯಾವ ಪಟ್ಟಿಯಲ್ಲೂ ಇಲ್ಲ.

ಆದ್ದರಿಂದ ಕ್ಯಾಮೆರಾ ಆರಿಸುವ ಮೊದಲು ಗುಡ್ಡ ಆರಿಸಿ. ಸದ್ಯಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು. ಒಂದು ಜಾಗದಲ್ಲಿ ನಿಂತು ಚಿತ್ರ ತೆಗೆದು, ನಿಂತ ಜಾಗ, ದಿಕ್ಕು, ತಾರೀಖು ಬರೆದಿಡಿ. ಮುಂದಿನ ವರ್ಷ ಅಲ್ಲೇ ನಿಂತು ಮತ್ತೆ ತೆಗೆಯಿರಿ. ದೊಡ್ಡ ಕ್ಯಾಮೆರಾ ಕೈಗೆ ಬರುವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂಬುದು ನಿಮಗೆ ಗೊತ್ತಿರುತ್ತದೆ.