ಅಂತರ್ಜಾಲದ ಕಚೇರಿಯಲ್ಲಿ ನೆನಪಿನ ಏರ್ಪಾಡು

ತುಡಿಯಲೂರಿನ ಒಂದು ಕುಟುಂಬದವರು ಬಂಧುಗಳ ಮನೆಯ ಮದುವೆಗಾಗಿ ಕೊಯಮತ್ತೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾಗಿದೆಯೆಂದು ಭಾವಿಸೋಣ. ಹಿಂದಾದರೆ ನಿಲ್ದಾಣದ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲಬೇಕಾಗಿದ್ದಿತು. 2002ನೆಯ ಇಸವಿಯಿಂದ ಐ.ಆರ್.ಸಿ.ಟಿ.ಸಿ. ಸಂಸ್ಥೆಯ ಮೂಲಕ ಮನೆಯಲ್ಲಿ ಕುಳಿತೇ ಟಿಕೇಟು ಪಡೆಯುವ ಅನುಕೂಲವುಂಟಾಗಿದೆ. ಇಂತಹ ಕೆಲಸದಲ್ಲಿ ಮೊದಲು ಊರು ಮತ್ತು ದಿನಾಂಕವನ್ನು ತುಂಬುತ್ತೇವೆ. ಬಳಿಕ ರೈಲನ್ನು ಆರಿಸುತ್ತೇವೆ. ಅನಂತರ ಪ್ರಯಾಣಿಕರ ಹೆಸರು, ವಯಸ್ಸುಗಳನ್ನು ಬರೆದು ಕಡೆಯಲ್ಲಿ ಹಣ ಸಲ್ಲಿಸುತ್ತೇವೆ. ಹಣ ಸಲ್ಲಿಸುವ ಪುಟಕ್ಕೆ ಬಂದಾಗ, ಮೊದಲನೆಯ ಪುಟದಲ್ಲಿ ನಾವು ಬರೆದ ದಿನಾಂಕವು ದೂರದಲ್ಲಿರುವ ಆ ಯಂತ್ರಕ್ಕೆ ಹೇಗೆ ನೆನಪಿರುತ್ತದೆ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಕೊಂಡಿರಲಾರರು. ಆದರೆ ಇದು ಕೇಳತಕ್ಕ ಪ್ರಶ್ನೆಯೇ ಸರಿ.

ಏಕೆಂದರೆ, ಸ್ವಭಾವತಃ ಅದಕ್ಕೆ ನೆನಪೇ ಇಲ್ಲ. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಿಂದ 1991ರವರೆಗಿನ ಅವಧಿಯಲ್ಲಿ ಜಾಲವನ್ನು ರೂಪಿಸಿದಾಗ, ವಿದ್ವಾಂಸರು ತಮ್ಮ ಬರಹಗಳನ್ನು ಪರಸ್ಪರ ಹಂಚಿಕೊಳ್ಳುವುದೇ ಅದರ ಮುಖ್ಯ ಉದ್ದೇಶವಾಗಿದ್ದಿತು. ಒಂದು ಕೋರಿಕೆಗೆ ಒಂದು ಉತ್ತರ. ಅಲ್ಲಿಗೆ ವ್ಯವಹಾರ ಮುಗಿಯಿತು. ಎಚ್.ಟಿ.ಟಿ.ಪಿ. ಎಂಬ ಆ ನಿಯಮಾವಳಿಯ ದೃಷ್ಟಿಯಲ್ಲಿ ಮರುಕ್ಷಣ ಬಂದ ಅದೇ ಮನುಷ್ಯನೂ ಹೊಸಬನೇ.

ಇದಲ್ಲದೆ, ಉತ್ತರ ಕೊಡುವ ಯಂತ್ರದೊಳಗೂ ಕೆಲಸ ಮಾಡುವವನು ಒಬ್ಬನಲ್ಲ. ಕೋರಿಕೆಯನ್ನು ತೆಗೆದುಕೊಳ್ಳುವ ಅಂಗವೊಂದು, ಲೆಕ್ಕ ನೋಡುವ ಅಂಗವೊಂದು, ಪುಟವನ್ನು ಅಂದವಾಗಿ ಜೋಡಿಸಿ ಕಳುಹಿಸುವ ಅಂಗ ಮತ್ತೊಂದು. ಜಾವಾ ಭಾಷೆಯಲ್ಲಿ ಇಂತಹ ಅಂಗಗಳಿಗೆ ಸರ್ವ್‌ಲೆಟ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಪಾವ್ನಿ ದಿವಾನ್‌ಜಿ ಎಂಬ ಮಹಿಳೆಯು ಇದರ ಮೊದಲ ನಿಯಮಾವಳಿಯನ್ನು ಬರೆದರು. ಅದು 1997ರಲ್ಲಿ ಹೊರಬಂದಿತು. ಈ ಅಂಗಗಳು ತಮ್ಮತಮ್ಮೊಳಗೆ ಮಾಹಿತಿಯನ್ನು ಹಂಚಿಕೊಳ್ಳುವ ಬಗೆಯನ್ನೇ ನಾವಿಲ್ಲಿ ವಿವರಿಸಲೆತ್ನಿಸುವೆವು.

ನಮ್ಮ ಜಿಲ್ಲೆಯಲ್ಲಿ ಕನ್ನಡ ನುಡಿಯುವ ದೇವಾಂಗ ನೇಕಾರರ ಮನೆಗಳು ಬಹಳ. ಆದುದರಿಂದ ಕೈಮಗ್ಗದ ಸಹಕಾರ ಸಂಘವೊಂದರ ಕಚೇರಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ನೇಕಾರನೊಬ್ಬನು ನೂಲು ಕೇಳಲು ಬರುತ್ತಾನೆ. ಮೊದಲ ಗುಮಾಸ್ತನು ಒಂದು ಚೀಟಿಯಲ್ಲಿ ನೂಲಿನ ತೂಕವನ್ನು ಬರೆದು ಪಕ್ಕದವನಿಗೆ ಕೊಡುತ್ತಾನೆ. ಅವನು ದಾಸ್ತಾನು ನೋಡಿ ಅದೇ ಚೀಟಿಯಲ್ಲಿ ಗುರುತು ಹಾಕಿ ಮೂರನೆಯವನಿಗೆ ಕೊಡುತ್ತಾನೆ. ನೂಲು ಕೈಸೇರಿದೊಡನೆ ಚೀಟಿಯು ಬುಟ್ಟಿಗೆ ಬೀಳುತ್ತದೆ. ಸರ್ವ್‌ಲೆಟ್‌ಗಳ ಲೋಕದಲ್ಲಿ ಈ ಚೀಟಿಯೇ ರಿಕ್ವೆಸ್ಟ್. ಒಂದು ಕೋರಿಕೆಯು ಬಾಳುವಷ್ಟು ಕಾಲ ಮಾತ್ರ ಅದರಲ್ಲಿಟ್ಟ ಮಾಹಿತಿ ಬಾಳುತ್ತದೆ. ಇಲ್ಲಿ ಹೊಸದಾಗಿ ಕಲಿಯುವವರು ಎಡವುವ ಸ್ಥಳವೊಂದುಂಟು. ಗುಮಾಸ್ತನು ಒಳಗಿನಿಂದಲೇ ಚೀಟಿಯನ್ನು ದಾಟಿಸಿದರೆ ಅದು ಫಾರ್ವರ್ಡ್. ‘ನೀವು ಹೊರಗೆ ಹೋಗಿ ಆ ಕಿಟಕಿಗೆ ಬನ್ನಿ’ ಎಂದು ನೇಕಾರನನ್ನೇ ಕಳುಹಿಸಿದರೆ ಅದು ರಿಡೈರೆಕ್ಟ್. ಎರಡನೆಯದರಲ್ಲಿ ಹೊಸ ಚೀಟಿ ಆರಂಭವಾಗುವುದರಿಂದ ಹಳೆಯದರಲ್ಲಿ ಬರೆದುದು ಯಾವುದೂ ಉಳಿಯದು.

ಇನ್ನು ಕಚೇರಿಯ ಕಪಾಟಿನಲ್ಲಿರುವ ಖಾತೆಪುಸ್ತಕ. ಅದರಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಪುಟವುಂಟು. ಸದಸ್ಯನ ಕೈಯಲ್ಲಿರುವುದು ಪುಟದ ಸಂಖ್ಯೆ ಮಾತ್ರ. ಇದೇ ಸೆಷನ್. ಆ ಸಂಖ್ಯೆಯನ್ನು ನಮ್ಮ ಬ್ರೌಸರು ಕುಕೀ ಎಂಬ ಸಣ್ಣ ಬರಹವಾಗಿ ಇಟ್ಟುಕೊಂಡು ಪ್ರತಿಯೊಂದು ಕೋರಿಕೆಯೊಡನೆಯೂ ತೋರಿಸುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬವರು ಈ ಉಪಾಯವನ್ನು ಜಾಲಕ್ಕೆ ತಂದರು. ಟಿಕೇಟಿನ ದಿನಾಂಕದಂತಹ ಸಂಗತಿಗಳು ಪುಟದಿಂದ ಪುಟಕ್ಕೆ ಉಳಿಯುವುದು ಹೆಚ್ಚಾಗಿ ಇಂತಹ ಏರ್ಪಾಡಿನಿಂದಲೇ. ಬಹಳ ಹೊತ್ತು ಯಾರೂ ಕೇಳದಿದ್ದರೆ ಖಾತೆಯ ಪುಟವನ್ನು ಹರಿದುಹಾಕುವುದು ವಾಡಿಕೆ. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಸರ್ವರಿನಲ್ಲಿ, ಬೇರೆ ಹೇಳದಿದ್ದರೆ, ಈ ಅವಧಿಯು 30 ನಿಮಿಷಗಳು.

ಪೋಷಕರು ಗಮನಿಸಬೇಕಾದುದು ಇಲ್ಲಿಯೇ. ಪುಟದ ಸಂಖ್ಯೆ ಯಾರ ಕೈಯಲ್ಲಿದೆಯೋ ಅವನೇ ಸದಸ್ಯನೆಂದು ಯಂತ್ರವು ನಂಬುತ್ತದೆ. ವಿದ್ಯಾರ್ಥಿವೇತನದ ಅರ್ಜಿಯನ್ನೋ ಜಾತಿ ಪ್ರಮಾಣಪತ್ರದ ಅರ್ಜಿಯನ್ನೋ ಹೊರಗಿನ ಗಣಕಯಂತ್ರದಲ್ಲಿ ತುಂಬಿ, ಆ ಪುಟವನ್ನು ಮುಚ್ಚಿ ಎದ್ದು ಬಂದರೆ ಸಾಲದು; ಖಾತೆಯು ತೆರೆದೇ ಇರಬಹುದು. ‘ಲಾಗ್ ಔಟ್’ ಎಂಬುದನ್ನು ಒತ್ತಿದಾಗಲೇ ಖಾತೆಯನ್ನು ಮುಚ್ಚುವಂತೆ ಕಚೇರಿಗೆ ತಿಳಿಯುತ್ತದೆ.

ಮೂರನೆಯದು ಗೋಡೆಯ ಮೇಲಿನ ಕರಿಹಲಗೆ. ನೂಲಿನ ಇಂದಿನ ದರ, ಕಚೇರಿಯ ವೇಳೆ, ಇವುಗಳನ್ನು ಎಲ್ಲ ಗುಮಾಸ್ತರೂ ಎಲ್ಲ ಸದಸ್ಯರೂ ಅಲ್ಲಿಯೇ ನೋಡಿಕೊಳ್ಳುತ್ತಾರೆ. ಇದಕ್ಕೆ ಸರ್ವ್‌ಲೆಟ್ ಕಾಂಟೆಕ್ಸ್ಟ್ ಎನ್ನುತ್ತಾರೆ. ಒಬ್ಬರ ಸಾಲದ ಮೊತ್ತವನ್ನು ಇಂತಹ ಹಲಗೆಯ ಮೇಲೆ ಯಾರೂ ಬರೆಯರಷ್ಟೆ.

ಹೀಗಿದ್ದರೂ, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಈ ಮೂರರಲ್ಲಿ ಯಾವುದರಲ್ಲಿಯೂ ಅಲ್ಲ, ಗುಮಾಸ್ತನ ಮೇಜಿನ ಮೇಲಿರುವ ಸ್ವಂತ ಕಾಗದದಲ್ಲಿ. ಸರ್ವ್‌ಲೆಟ್ ಎಂಬುದು ಸಾಮಾನ್ಯವಾಗಿ ಒಂದೇ ಪ್ರತಿಯಾಗಿರುತ್ತದೆ. ಆದರೆ ನೂರಾರು ಜನರ ಕೋರಿಕೆಗಳನ್ನು ಅದು ಏಕಕಾಲದಲ್ಲಿ ನಡೆಸುತ್ತಿರುತ್ತದೆ. ಕ್ರಮವಿಧಿಯನ್ನು ಬರೆಯುವವನು ಸದಸ್ಯನ ಹೆಸರನ್ನು ಚೀಟಿಯಲ್ಲಿಡದೆ ಸರ್ವ್‌ಲೆಟ್‌ನ ಸ್ವಂತ ಚರದಲ್ಲಿ ಇಟ್ಟನೆನ್ನಿರಿ. ಮೊದಲನೆಯವನ ಹೆಸರನ್ನು ಬರೆದು ಲೆಕ್ಕ ನೋಡುವಷ್ಟರಲ್ಲಿ ಎರಡನೆಯವನ ಹೆಸರು ಅದೇ ಕಾಗದದ ಮೇಲೆ ಬೀಳುತ್ತದೆ; ಮೊದಲನೆಯವನಿಗೆ ಎರಡನೆಯವನ ಲೆಕ್ಕವು ಹೋಗಿ ಮುಟ್ಟುತ್ತದೆ. ಬರೆದವನೊಬ್ಬನೇ ಕುಳಿತು ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿಯೇ ಕಾಣುವುದು ಇದರ ಕೆಟ್ಟ ಗುಣ. ಜನಸಂದಣಿಯಾದ ದಿನ, ಎಂದರೆ ಪರೀಕ್ಷಾಫಲ ಪ್ರಕಟವಾಗುವಂತಹ ದಿನವೇ, ದೋಷವು ತಲೆಯೆತ್ತುತ್ತದೆ.

ಕರಿಹಲಗೆಯೂ ಈ ತೊಡಕಿನಿಂದ ಪೂರ್ತಿ ಪಾರಾಗಿಲ್ಲ. ‘ಉಳಿದಿರುವ ಆಸನ 1’ ಎಂದು ಬರೆದಿರಲು, ಇಬ್ಬರು ಗುಮಾಸ್ತರು ಒಂದೇ ಕ್ಷಣ ಅದನ್ನು ಓದಿ ಇಬ್ಬರೂ ಕೊಟ್ಟುಬಿಟ್ಟರೆ ಒಂದು ಆಸನಕ್ಕೆ ಇಬ್ಬರು ಒಡೆಯರಾಗುತ್ತಾರೆ. ಆದುದರಿಂದ ನೋಡುವುದು ಮತ್ತು ಅಳಿಸಿ ಬರೆಯುವುದು ಇವೆರಡೂ ನಡುವೆ ಯಾರೂ ನುಗ್ಗದಂತೆ ಒಂದೇ ಕ್ರಿಯೆಯಾಗಿ ನಡೆಯಬೇಕು. ಇಂತಹ ಲೆಕ್ಕವನ್ನು ಹಲಗೆಗೆ ಬಿಡದೆ ಡೇಟಾಬೇಸಿನ ಬೀಗದ ವ್ಯವಸ್ಥೆಗೆ ಒಪ್ಪಿಸುವುದೇ ಮೇಲು.

ಜನ ಹೆಚ್ಚಿ ಒಂದು ಯಂತ್ರಕ್ಕೆ ಬದಲಾಗಿ ಹತ್ತು ಯಂತ್ರಗಳನ್ನು ಇಟ್ಟಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಮೊದಲನೆಯ ಕೋರಿಕೆ ಒಂದು ಯಂತ್ರಕ್ಕೂ ಮುಂದಿನದು ಬೇರೊಂದಕ್ಕೂ ಹೋದರೆ ಖಾತೆಯ ಪುಟವು ಅಲ್ಲಿ ಸಿಕ್ಕುವುದಿಲ್ಲ. ಇದಕ್ಕಾಗಿ ಕೆಲವರು ಒಬ್ಬ ಸದಸ್ಯನನ್ನು ಯಾವಾಗಲೂ ಒಂದೇ ಯಂತ್ರಕ್ಕೆ ಕಳುಹಿಸುತ್ತಾರೆ. ಆದರೆ ಆ ಯಂತ್ರ ಕೆಟ್ಟರೆ ಪುಟವೂ ಹೋಗುತ್ತದೆ. ಆ ಕಾರಣ, ಎಲ್ಲ ಯಂತ್ರಗಳಿಗೂ ಸಮಾನವಾಗಿ ಎಟುಕುವ ಒಂದು ಪ್ರತ್ಯೇಕ ಸ್ಥಳದಲ್ಲಿ, 2009ರಲ್ಲಿ ಹೊರಬಂದ ರೆಡಿಸ್ ಎಂಬಂತಹ ಸಂಗ್ರಹದಲ್ಲಿ, ಖಾತೆಪುಸ್ತಕವನ್ನು ಇಡುವ ಪದ್ಧತಿ ಬಂದಿದೆ.