ಸಣ್ಣ ಟೀಮ್ ಗೆಲ್ಲುವ ಲೆಕ್ಕ

ಪಾಯ್ಸಾನ್ ಡಿಸ್ಟ್ರಿಬ್ಯೂಷನ್‌ನ ಬರೀ ಮಾರ್ಕ್ಸ್‌ಗಾಗಿ ಓದಿ ಬಿಡಬ್ಯಾಡ್ರಿ, ಫುಟ್‌ಬಾಲ್‌ಗೆ ಹಚ್ಚಿ ನೋಡ್ರಿ.

2016ರ ಎಎಫ್‌ಸಿ ಕಪ್ ಸೆಮಿಫೈನಲ್. ಒಂದು ಕಡೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಇನ್ನೊಂದು ಕಡೆ 2013ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಎಫ್‌ಸಿ. ಅದೇ ಸೀಸನ್ನಿನ ಗ್ರೂಪ್ ಹಂತದಲ್ಲಿ ಎರಡು ಸಲವೂ ಜೊಹೊರ್‌ಗೆ ಸೋತಿತ್ತು. ಸೆಮಿಯ ಮೊದಲ ಪಂದ್ಯ ಅವರ ಊರಲ್ಲಿ 1-1. ಎರಡನೇದು ಕಂಠೀರವದಲ್ಲಿ.

ಜೊಹೊರ್ ಸರಾಸರಿ 2 ಗೋಲು, ಬೆಂಗಳೂರು 1 ಅಂತ ಹಿಡಿಯೋಣ. ಇದು ನನ್ನ ಅಂದಾಜು, ಮನೆ ಮೈದಾನದ ಲಾಭ ಸೇರಿಸಿಲ್ಲ. ಜೊಹೊರ್‌ಗೆ ಗೋಲೇ ಸಿಗದ ಸಂಭವ 0.135, ಬೆಂಗಳೂರಿಗೆ 0.368. ಗುಣಿಸಿದರೆ 0-0 ಆಗೋದು 5%. ಹೀಗೇ ಎಲ್ಲಾ ಸ್ಕೋರ್ ಕೂಡಿಸಿದರೆ ಜೊಹೊರ್ ಗೆಲುವು 61%, ಡ್ರಾ 21%, ಬೆಂಗಳೂರು 18%.

ಆದರೆ ಕಪ್ ಪಂದ್ಯದಲ್ಲಿ ನಿಯಮವನ್ನೂ ಓದಬೇಕು. ಆಗ ಸಮಬಲವಾದರೆ ಹೊರಗಿನ ಮೈದಾನದ ಗೋಲಿಗೆ ಹೆಚ್ಚು ಬೆಲೆ. ಹಂಗಾಗಿ 0-0 ಆದರೂ ಬೆಂಗಳೂರು ಫೈನಲ್‌ಗೆ, 1-1 ಆದರೆ ಎಕ್ಸ್‌ಟ್ರಾ ಟೈಮ್, 2-2 ಆದರೆ ಜೊಹೊರ್. ಅಂದ್ರೆ 18% ಅಲ್ಲ, 23%. ಮೇಲೆ 1-1ರ 10%ನಲ್ಲೂ ಒಂದು ಪಾಲು.

ಅಕ್ಟೋಬರ್ 19ರಂದು ಮೊದಲ ಗೋಲು ಜೊಹೊರ್‌ದೇ. ಆಮೇಲೆ ಛೇಟ್ರಿ ಎರಡು, ಹ್ವಾನನ್ ಒಂದು: 3-1. ನಮ್ಮ ಟೇಬಲ್‌ನಲ್ಲಿ ಈ ಸ್ಕೋರ್‌ಗೆ ಇದ್ದದ್ದು ಬರೀ 1.7%! ಹಂಗಂತ ಲೆಕ್ಕ ಸುಳ್ಳಲ್ಲ. ಶಹಾಪುರದಾಗ 20% ಮಳಿ ಅಂದ ದಿನಾನೂ ಒಮ್ಮೊಮ್ಮೆ ಮಳಿ ಬರ್ತದಲ್ಲ. ಮಾಡೆಲ್‌ನ ನಿಜವಾದ ದೌರ್ಬಲ್ಯ ಬೇರೆ: ಗೋಲು ತಿಂದ ಟೀಮ್ ಆಟದ ರೀತಿ ಬದಲಿಸ್ತದೆ, ಲ್ಯಾಂಬ್ಡಾ ಸ್ಥಿರವಾಗಿರಲ್ಲ.

2000ರಲ್ಲಿ ನಾಲ್ಕನೇ ಡಿವಿಷನ್ನಿನ ಕ್ಯಾಲೇ, ಫ್ರೆಂಚ್ ಕಪ್ ಫೈನಲ್ ತನಕ ಹೋಗಿತ್ತು. ಲ್ಯಾಂಬ್ಡಾ 3 ಮತ್ತು 0.5 ಇಟ್ಟು, ಅಂಥ ಒಂದು ಗೆಲುವಿನ ಸಂಭವ ಎಷ್ಟು ಬರ್ತದೆ ಮಾಡಿ ನೋಡ್ರಿ.